ಮನೆಯಲ್ಲೇ ಬಿಚ್ಚಿದ ಸಿಬಿ ರೇಡಿಯೋ, ಆಮೇಲೆ ಸೌಂಡ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆ ಸಿಬಿ ರೇಡಿಯೋ, ಅಂದರೆ ಜನಸಾಮಾನ್ಯರು ದೂರದವರ ಜೊತೆ ಮಾತಾಡಲು ಬಳಸುವ ಸಿಟಿಜನ್ಸ್ ಬ್ಯಾಂಡ್ ಸೆಟ್, ಇಟ್ಟುಕೊಂಡವರು ಕಡಿಮೆ. ಇರುವ ಸೆಟ್ಟುಗಳೂ ಹೆಚ್ಚಾಗಿ ಹಳೇ ಮಾಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿದ್ದು, ಇಲ್ಲಾ ಫಾರಿನ್‌ನಲ್ಲಿರುವ ನೆಂಟರು ತಂದುಕೊಟ್ಟಿದ್ದು. ಕೈಗೆ ಬಂದ ದಿನವೇ ಬಿಚ್ಚುವುದು ನಮ್ಮ ಜಾಯಮಾನ. ಬಿಚ್ಚಿ ಮುಚ್ಚಿದ ಮೇಲೆ ಸೌಂಡ್ ಕೈಕೊಟ್ಟಾಗ ಬರುವ ಪ್ರಶ್ನೆಗಳು ಇವು. 12 ವೋಲ್ಟಿನಲ್ಲಿ ಓಡುವ, 40 ಚಾನೆಲ್ಲಿನ ಎಎಂ ಸೆಟ್ಟುಗಳನ್ನು ಮುಂದಿಟ್ಟುಕೊಂಡು ಉತ್ತರ ಬರೆದಿದೆ. ರಿಪೇರಿಗೆ ಮುಂಚೆ ಇಲ್ಲದ ತೊಂದರೆ ಆಮೇಲೆ ಬಂದಿದ್ದರೆ, ನಿಮ್ಮ ಕೈ ಆಡಿದ ಜಾಗದಲ್ಲೇ ಮೊದಲು ಹುಡುಕಿ. ಹೊಸ ಐಸಿ ತರುವುದಕ್ಕೆ ಆಮೇಲೆ ಹೋದರಾಯಿತು.

ಸೆಟ್ ಆನ್ ಆಗುತ್ತೆ, ಚಾನೆಲ್ ನಂಬರ್ ಕಾಣುತ್ತೆ, ಸೌಂಡ್ ಮಾತ್ರ ಇಲ್ಲ. ಎಲ್ಲಿಂದ ಶುರು ಮಾಡಲಿ?

ಸ್ಕ್ರೂಡ್ರೈವರ್ ಕೆಳಗಿಡಿ. ಮೊದಲು ಮುಂದಿರುವ ಗುಂಡಿಗಳನ್ನು ನೋಡಿ. ತುಂಬಾ ಸೆಟ್ಟುಗಳಲ್ಲಿ ಸಿಬಿ, ಪಿಎ (ರೇಡಿಯೋ ಬಿಟ್ಟು ಬರೀ ಮೈಕ್ ಸೆಟ್ಟಿನ ಹಾಗೆ ಬಳಸುವುದು) ಅಂತ ಒಂದು ಸ್ವಿಚ್ ಇರುತ್ತದೆ. ಒರೆಸುವಾಗಲೋ ಮುಚ್ಚಳ ಹಾಕುವಾಗಲೋ ಅದು ಪಿಎ ಕಡೆಗೆ ಹೋಗಿದ್ದರೆ ರೇಡಿಯೋ ಸದ್ದು ಒಳಗಿನ ಸ್ಪೀಕರಿಗೆ ಬರುವುದೇ ಇಲ್ಲ. ಸಿಗ್ನಲ್ ಇಲ್ಲದಾಗ ಬರುವ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ಗುಂಡಿ ಕೆರೆಯ ತೂಬು ಇದ್ದ ಹಾಗೆ, ಪೂರ್ತಿ ಮುಚ್ಚಿದರೆ ಒಂದು ಹನಿಯೂ ಹೊರಗೆ ಬರದು. ಅದನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿ. ಆರ್‌ಎಫ್ ಗೇನ್ (ಸಿಗ್ನಲ್ ಎಷ್ಟು ಹಿಡಿಯಬೇಕು ಅನ್ನುವ ಗುಂಡಿ) ಇದ್ದರೆ ಬಲಕ್ಕೆ ಪೂರ್ತಿ ತಿರುಗಿಸಿ. ಈಗ ವಾಲ್ಯೂಮ್ ಏರಿಸಿದರೆ, ಆಂಟೆನಾ ಇಲ್ಲದಿದ್ದರೂ ಸಣ್ಣಗೆ ಸುರ್ರ್ ಅನ್ನುವ ಸದ್ದು ಬರಬೇಕು.

ಬರಲಿಲ್ಲವಾ? ಹಿಂದಿರುವ ಎಕ್ಸ್‌ಟರ್ನಲ್ ಸ್ಪೀಕರ್ ಜಾಕಿಗೆ ಬೇರೆ ಸ್ಪೀಕರ್ ಸಿಕ್ಕಿಸಿ ನೋಡಿ. ಆ ಜಾಕಿನೊಳಗೆ ಒಂದು ಸಣ್ಣ ಲೋಹದ ಪತ್ತಿ ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಸರಿದು ಒಳಗಿನ ಸ್ಪೀಕರನ್ನು ಕತ್ತರಿಸುತ್ತದೆ, ಪಿನ್ ತೆಗೆದಾಗ ಮತ್ತೆ ಕೂಡುತ್ತದೆ. ನಮ್ಮ ಕಡೆಯ ಧೂಳಿಗೆ ಅದು ಕಪ್ಪಾಗಿ ಕೂಡುವುದನ್ನೇ ಬಿಟ್ಟಿರುತ್ತದೆ. ಹೊರಗಿನ ಸ್ಪೀಕರಿನಲ್ಲಿ ಸೌಂಡ್ ಬಂದು ಒಳಗಿನದರಲ್ಲಿ ಬರದಿದ್ದರೆ ಕೆಲಸ ಅರ್ಧ ಮುಗಿದಂತೆ. ತಪ್ಪು ಈ ಪತ್ತಿಯಲ್ಲಿದೆ, ಇಲ್ಲಾ ಒಳಗಿನ ಸ್ಪೀಕರ್ ಮತ್ತು ಅದರ ವೈರಿನಲ್ಲಿದೆ. ಪಿನ್ ನಾಲ್ಕಾರು ಸಲ ಹಾಕಿ ತೆಗೆದರೆ ಎಷ್ಟೋ ಸಲ ಪತ್ತಿ ತಾನೇ ಸರಿಹೋಗುತ್ತದೆ.

ಮೈಕ್ ಕಿತ್ತರೆ ಸೌಂಡ್ ಪೂರ್ತಿ ನಿಲ್ಲುತ್ತೆ. ಕೇಳೋದಕ್ಕೂ ಮೈಕಿಗೂ ಏನು ಸಂಬಂಧ?

ಸಂಬಂಧ ಇದೆ. ಹೆಚ್ಚಿನ ಹಳೇ ಸೆಟ್ಟುಗಳಲ್ಲಿ ಸ್ಪೀಕರಿನ ನೆಗೆಟಿವ್ ದಾರಿ ಮೈಕಿನ ಪಿಟಿಟಿ (ಒತ್ತಿ ಮಾತಾಡುವ) ಸ್ವಿಚ್ಚಿನ ಮೂಲಕ ಹೋಗುತ್ತದೆ. ಬಟನ್ ಬಿಟ್ಟಾಗ ಸ್ಪೀಕರ್ ಕೂಡುತ್ತದೆ, ಒತ್ತಿದಾಗ ಕಡಿಯುತ್ತದೆ. ಅದಕ್ಕೇ ಮೈಕ್ ಕಿತ್ತರೆ ಸೆಟ್ ಮೂಗನ ಹಾಗೆ ಕೂರುತ್ತದೆ. ಇದು ದೋಷ ಅಲ್ಲ, ಸೆಟ್ಟಿನ ರಚನೆಯೇ ಹಾಗೆ.

ದೋಷ ಶುರುವಾಗುವುದು ನಾವು ಮೈಕ್ ವೈರ್ ಬದಲಿಸಿದಾಗ. ಕೋಬ್ರಾ ಕಂಪನಿ ಮಾದರಿಯ 4 ಪಿನ್ ಪ್ಲಗ್ಗಿನಲ್ಲಿ 1ನೇ ಪಿನ್ ಅರ್ಥ್ ಮತ್ತು ಶೀಲ್ಡ್, 2 ಮೈಕಿನ ದನಿ, 3 ಟ್ರಾನ್ಸ್‌ಮಿಟ್, 4 ರಿಸೀವ್. ಬಟನ್ ಒತ್ತದಿದ್ದಾಗ 4 ಮತ್ತು 1 ಕೂಡಿರಬೇಕು. ಒತ್ತಿದಾಗ ಅದು ಬಿಟ್ಟು 3 ಮತ್ತು 1 ಕೂಡಬೇಕು. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಪ್ಲಗ್ಗಿನ ಮೇಲೇ ನೋಡಬಹುದು, ಸೆಟ್ ಬಿಚ್ಚುವುದೇ ಬೇಡ.

ಪಿನ್ ನಂಬರ್ ಎಣಿಸುವಾಗ ಹುಷಾರು. ಪ್ಲಗ್ಗಿನ ಮುಂಭಾಗದಿಂದ ನೋಡಿದಾಗ ಒಂದು ಸುತ್ತು, ಸಾಲ್ಡರ್ ಹಾಕುವ ಹಿಂಭಾಗದಿಂದ ನೋಡಿದಾಗ ಅದರ ಉಲ್ಟಾ. ಕಣ್ಣಿಗೆ ಬಿದ್ದ ಚಿತ್ರ ಮುಂಭಾಗದ್ದಾಗಿರುತ್ತದೆ, ನಾವು ಸಾಲ್ಡರ್ ಹಾಕುವುದು ಹಿಂದೆ. ಪ್ಲಗ್ಗಿನ ಮೇಲೇ ಪಿನ್ ಪಕ್ಕ ಸಣ್ಣದಾಗಿ ನಂಬರ್ ಅಚ್ಚು ಹಾಕಿರುತ್ತಾರೆ, ಮೊಬೈಲ್ ಕ್ಯಾಮರಾದಲ್ಲಿ ಝೂಮ್ ಮಾಡಿ ಅದನ್ನೇ ನಂಬಿ. ಬೇರೆ ಕಂಪನಿಯ ಮೈಕಿನಲ್ಲಿ ಇದೇ 4 ಪಿನ್ ಇದ್ದರೂ ಜೋಡಣೆ ಬೇರೆ ಇರಬಹುದು. ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಮೈಕ್ ಹೊಂದಿತು ಅಂತಲ್ಲ.

ಮೈಕ್ ಕೆಟ್ಟಿದೆಯಾ ಸೆಟ್ ಕೆಟ್ಟಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಈ ಜೋಡಣೆ ಇರುವ ಸೆಟ್ಟಾದರೆ ಮೈಕ್ ತೆಗೆದು, ಸೆಟ್ಟಿನ ಸಾಕೆಟ್ಟಿನಲ್ಲಿ 1 ಮತ್ತು 4ನ್ನು ಒಂದು ತುಂಡು ವೈರಿನಿಂದ ಕೂಡಿಸಿ. ಸುರ್ರ್ ಅಂತ ಬಂತಾ? ಹಾಗಾದರೆ ಸೆಟ್ ಚೆನ್ನಾಗಿದೆ, ಮೈಕಿನ ಸ್ವಿಚ್ ಅಥವಾ ಸುರುಳಿ ವೈರ್ ನೋಡಿ. ಸುರುಳಿ ವೈರ್ ಹೆಚ್ಚಾಗಿ ಕಡಿಯುವುದು ಮೈಕಿನ ಕುತ್ತಿಗೆಯ ಹತ್ತಿರ, ರಬ್ಬರಿನ ಒಳಗೆ. ಹೊರಗಿಂದ ಕಾಣುವುದಿಲ್ಲ.

ತಪ್ಪು ಸೆಟ್ಟಿನ ಯಾವ ಭಾಗದಲ್ಲಿದೆ ಅಂತ ಬಿಚ್ಚುವ ಮುಂಚೆಯೇ ಗೊತ್ತಾಗುತ್ತಾ?

ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಎಎಂ ಸಿಬಿ ಸೆಟ್ಟಿನಲ್ಲಿ ಒಂದು ಗುಟ್ಟಿದೆ. ಕೇಳುವಾಗ ಸ್ಪೀಕರ್ ಓಡಿಸುವ ಆಡಿಯೋ ಆಂಪ್ಲಿಫೈಯರೇ, ಮಾತಾಡುವಾಗ ನಿಮ್ಮ ದನಿಯನ್ನು ದೊಡ್ಡದು ಮಾಡಿ ಟ್ರಾನ್ಸ್‌ಮಿಟರಿಗೆ ಕೊಡುತ್ತದೆ. ಒಳಗೆ ದಪ್ಪಗೆ ಕೂತಿರುವ ಆಡಿಯೋ ಟ್ರಾನ್ಸ್‌ಫಾರ್ಮರ್ ಇರುವುದೇ ಇದಕ್ಕೆ. ದನಿ ಅದರ ಮೂಲಕ ಹಾದು, ಆಂಟೆನಾಗೆ ಸಿಗ್ನಲ್ ಕಳಿಸುವ ಕೊನೆಯ ಹಂತದ ಟ್ರಾನ್ಸಿಸ್ಟರಿನ, ಅಂದರೆ ಫೈನಲ್ ಟ್ರಾನ್ಸಿಸ್ಟರಿನ ಕರೆಂಟನ್ನು ಏರಿಳಿಸುತ್ತದೆ. ಮಾಡ್ಯುಲೇಷನ್ ಅನ್ನುವುದು ಇದನ್ನೇ.

ಇದರಿಂದ ನಮಗೆ ಲಾಭ ಏನು? ಕೇಳುವ ಸೌಂಡೂ ಇಲ್ಲ, ಮಾತಾಡಿದರೆ ಆ ಕಡೆಯವರಿಗೆ ಬರೀ ಖಾಲಿ ಕ್ಯಾರಿಯರ್ (ದನಿ ಹೊರುವ ರೇಡಿಯೋ ಅಲೆ) ಸಿಗುತ್ತಿದೆ, ದನಿ ಇಲ್ಲ ಅಂದರೆ ಎರಡಕ್ಕೂ ಸೇರಿದ ಆಡಿಯೋ ಐಸಿಯ ಸುತ್ತಮುತ್ತ ಹುಡುಕಬೇಕು. ಕೇಳುವುದು ಸರಿ, ದನಿ ಹೋಗುತ್ತಿಲ್ಲ ಅಂದರೆ ಐಸಿ ಚೆನ್ನಾಗಿದೆ; ಮೈಕ್, ಮೈಕ್ ಆಂಪ್ಲಿಫೈಯರ್, ಮೈಕ್ ಗೇನ್ ನೋಡಿ. ದನಿ ಹೋಗುತ್ತಿದೆ, ಆದರೆ ಕೇಳುತ್ತಿಲ್ಲ ಅಂದರೂ ಐಸಿ ಚೆನ್ನಾಗಿದೆ. ಆಗ ಸಿಗ್ನಲ್ ಎಷ್ಟಿದೆ ಅಂತ ತೋರಿಸುವ ಎಸ್ ಮೀಟರ್ ನೋಡಿ. ಸ್ನೇಹಿತರು ಕರೆದಾಗ ಮುಳ್ಳು ಏಳುತ್ತಿದ್ದರೆ ಸಿಗ್ನಲ್ ಒಳಗೆ ಬಂದಿದೆ, ಸಿಗ್ನಲಿನಿಂದ ದನಿ ಬೇರ್ಪಡಿಸುವ ಡಿಟೆಕ್ಟರಿನಿಂದ ವಾಲ್ಯೂಮ್ ಕಂಟ್ರೋಲಿನವರೆಗೆ ಅಥವಾ ಸ್ಪೀಕರಿನ ಹತ್ತಿರ ಎಲ್ಲೋ ಕಡಿದಿದೆ. ಮುಳ್ಳು ಅಲ್ಲಾಡುವುದೇ ಇಲ್ಲ ಅಂದರೆ ಅದು ಸೌಂಡ್ ತೊಂದರೆಯೇ ಅಲ್ಲ, ಆಂಟೆನಾ ಇಲ್ಲಾ ಸಿಗ್ನಲ್ ಹಿಡಿಯುವ ಭಾಗದ ಕಡೆಯದು.

ಪಿಎ ಮೋಡನ್ನೂ ಬಳಸಿಕೊಳ್ಳಿ. ಹಿಂದಿನ ಪಿಎ ಜಾಕಿಗೆ 8 ಓಮಿನ ಸ್ಪೀಕರ್ ಹಾಕಿ, ಸ್ವಿಚ್ ಪಿಎಗೆ ತಂದು, ಬಟನ್ ಒತ್ತಿ ಮಾತಾಡಿ. ದನಿ ಚೆನ್ನಾಗಿ ಬಂದರೆ ಮೈಕ್, ಮೈಕ್ ಆಂಪ್ಲಿಫೈಯರ್, ಆಡಿಯೋ ಐಸಿ ಮೂರಕ್ಕೂ ಒಂದೇ ಏಟಿಗೆ ಸರ್ಟಿಫಿಕೇಟ್ ಸಿಕ್ಕಿತು. ಇಷ್ಟು ಒಳ್ಳೆಯ ಟೆಸ್ಟ್ ಸೆಟ್ಟಿನಲ್ಲೇ ಇರುವಾಗ ಜನ ಯಾಕೆ ಸೀದಾ ಐಸಿಗೆ ಕೈ ಹಾಕುತ್ತಾರೋ.

ಆಡಿಯೋ ಐಸಿ ಹೋಗಿದೆ ಅಂತ ಅನುಮಾನ. ಮೀಟರಿನಲ್ಲಿ ಹೇಗೆ ನೋಡೋದು?

ಐಸಿ ಮೇಲಿನ ನಂಬರ್ ಓದಿ. ಸೆಟ್ಟಿಂದ ಸೆಟ್ಟಿಗೆ ಬೇರೆ ಇರುತ್ತದೆ. ಇಲ್ಲಿ ಟಿಡಿಎ 2003 ತಗೊಳ್ಳೋಣ. 5 ಕಾಲಿನ ಐಸಿ, ಎಲ್ಲ ಕಡೆ ಸಿಗುತ್ತದೆ. ಬರಹ ನಿಮ್ಮ ಕಡೆ ಇದ್ದಾಗ ಎಡದಿಂದ 1, 2, 3, 4, 5. ಒಂದು ಮತ್ತು ಎರಡು ಇನ್‌ಪುಟ್, ಮೂರು ಅರ್ಥ್, ನಾಲ್ಕು ಔಟ್‌ಪುಟ್, ಐದು ಸಪ್ಲೈ.

ಮೀಟರಿನ ಕಪ್ಪು ಕಡ್ಡಿ ಅರ್ಥಿಗೆ, ಕೆಂಪು ಕಡ್ಡಿ 5ನೇ ಕಾಲಿಗೆ. 13.8 ವೋಲ್ಟ್ ಸಪ್ಲೈ ಕೊಟ್ಟಿದ್ದರೆ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ತೋರಿಸದಿದ್ದರೆ ಐಸಿಯ ತಪ್ಪಿಲ್ಲ, ಅದಕ್ಕೆ ಊಟವೇ ಬರುತ್ತಿಲ್ಲ. ಈಗ 4ನೇ ಕಾಲು. ಸದ್ದಿಲ್ಲದಾಗ ಇಲ್ಲಿ ಸಪ್ಲೈಯ ಅರ್ಧದಷ್ಟು, ಅಂದರೆ 7 ವೋಲ್ಟಿನ ಆಸುಪಾಸು ಇರಬೇಕು. ಇದ್ದರೆ ಐಸಿ ಬದುಕಿದೆ ಅಂತ ನಂಬಬಹುದು. ಸೊನ್ನೆ ತೋರಿಸಿದರೆ, ಅಥವಾ ಪೂರ್ತಿ ಸಪ್ಲೈ ತೋರಿಸಿದರೆ, ಐಸಿ ಇಲ್ಲಾ ಅದರ ಸುತ್ತಲಿನ ಯಾವುದೋ ಒಂದು ಕೆಟ್ಟಿದೆ. ಕಡ್ಡಿ ಜಾರಿ ಎರಡು ಕಾಲು ಮುಟ್ಟಿದರೆ ಇದ್ದ ಐಸಿಯೂ ಹೋಗುತ್ತದೆ. ಕಡ್ಡಿಯ ತುದಿ ಮಾತ್ರ ಹೊರಗಿರುವಂತೆ ಉಳಿದಿದ್ದಕ್ಕೆ ಟೇಪ್ ಸುತ್ತಿಕೊಳ್ಳಿ.

ವೋಲ್ಟೇಜ್ ಸರಿ ಇದ್ದರೆ ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಸಣ್ಣ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿ, ಅದರ ಲೋಹಕ್ಕೆ ಬೆರಳು ತಾಕಿಸಿ. ವಾಲ್ಯೂಮ್ ನಡುಮಟ್ಟದಲ್ಲಿರಲಿ. ಸ್ಪೀಕರಿನಲ್ಲಿ ಗುಂಯ್ ಅಂದರೆ ಅಲ್ಲಿಂದ ಮುಂದಕ್ಕೆ ದಾರಿ ಸಲೀಸಾಗಿದೆ. ಹಿಂದಕ್ಕೆ ಹುಡುಕುತ್ತಾ ಹೋಗಿ. ಈ ಬೆರಳಿನ ಪರೀಕ್ಷೆ ಬ್ಯಾಟರಿಯಲ್ಲಿ ಓಡುವ ಸೆಟ್ಟಿಗೆ ಮಾತ್ರ. ಕೆಲವು ಮೇಜಿನ ಸೆಟ್ಟುಗಳ ಒಳಗೇ 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಲ್ಲಿ ಬೆರಳು ಬೇಡವೇ ಬೇಡ.

ಹೊಸ ಐಸಿ ಹಾಕಿದೆ. ಸೌಂಡ್ ಬಂತು, ಆದರೆ ಪಿಸುಗುಟ್ಟುವಷ್ಟು. ಐಸಿ ಡೂಪ್ಲಿಕೇಟಾ?

ಇರಬಹುದು, ಡೂಪ್ಲಿಕೇಟ್ ಮಾಲು ಬೇಕಾದಷ್ಟಿದೆ. ಆದರೆ ಅಂಗಡಿಯವರನ್ನು ಬೈಯುವ ಮುಂಚೆ ಒಂದು ರೆಸಿಸ್ಟರ್ ನೋಡಿ.

ಟಿಡಿಎ 2003ರ ಮಾಮೂಲಿ ಸರ್ಕ್ಯೂಟಿನಲ್ಲಿ 4ನೇ ಕಾಲಿನಿಂದ 2ನೇ ಕಾಲಿನ ದಾರಿಗೆ 220 ಓಮ್, ಅಲ್ಲಿಂದ ಅರ್ಥಿಗೆ 2.2 ಓಮ್ ಇರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 100. ಐಸಿ ದನಿಯನ್ನು ಸುಮಾರು 100 ಪಟ್ಟು ಮಾಡುತ್ತದೆ. 2.2 ಓಮಿನ ಮೇಲೆ ಕೆಂಪು, ಕೆಂಪು, ಬಂಗಾರ ಬಣ್ಣದ ಪಟ್ಟಿ. 2.2 ಕಿಲೋ ಓಮಿನ ಮೇಲೆ ಕೆಂಪು, ಕೆಂಪು, ಕೆಂಪು. ರಾತ್ರಿ ಟ್ಯೂಬ್‌ಲೈಟ್ ಬೆಳಕಿನಲ್ಲಿ, ಬಿಸಿಗೆ ಕಂದಿದ ಹಳೇ ರೆಸಿಸ್ಟರಿನ ಬಂಗಾರದ ಪಟ್ಟಿ ಕೆಂಪಾಗಿ ಕಾಣುವುದು ಹೊಸದೇನಲ್ಲ. ಅದರ ಜಾಗಕ್ಕೆ 2.2 ಕಿಲೋ ಬಿದ್ದರೆ 100 ಪಟ್ಟು ಹೋಗಿ ಒಂದು ಪಟ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಅದೇ ನಿಮ್ಮ ಪಿಸುಮಾತು. ಬಣ್ಣ ನಂಬಬೇಡಿ, ಹಾಕುವ ಮುಂಚೆ ಪ್ರತಿಯೊಂದನ್ನೂ ಮೀಟರಿಗೆ ಹಿಡಿಯಿರಿ.

ಇನ್ನೊಂದು, ಔಟ್‌ಪುಟ್ಟಿನಿಂದ ಅರ್ಥಿಗೆ 1 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ ಜೋಡಿ ಇರುತ್ತದೆ. ಇದು ಏನೂ ಕೆಲಸ ಮಾಡದ ಹಾಗೆ ಕಾಣುತ್ತದೆ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಐಸಿ ಕಿವಿಗೆ ಕೇಳದಷ್ಟು ಎತ್ತರದಲ್ಲಿ ತಾನೇ ಊಳಿಡಲು ಶುರು ಮಾಡಬಹುದು. ಆಗ ಸೌಂಡ್ ಒಡೆಯುತ್ತದೆ, ಐಸಿ ಸುಮ್ನೆ ಇದ್ದಾಗಲೂ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ಐಸಿ ಹಿಂದೆ ಮೈಕಾ ಹಾಕಬೇಕಾ, ಬೇಡವಾ?

ಮೈಕಾ ಅಂದರೆ ಬಿಸಿ ದಾಟಿಸಿ ಕರೆಂಟ್ ತಡೆಯುವ ತೆಳು ಹಾಳೆ. ಟಿಡಿಎ 2003ರ ಲೋಹದ ಬೆನ್ನು 3ನೇ ಕಾಲಿಗೆ, ಅಂದರೆ ಅರ್ಥಿಗೆ ಸೇರಿದೆ. ನೆಗೆಟಿವ್ ಚಾಸಿಗೆ ಕೂಡಿರುವ ಸೆಟ್ಟಿನಲ್ಲಿ ಮೈಕಾ ಇಲ್ಲದಿದ್ದರೂ ನಡೆಯುತ್ತದೆ, ಹೀಟ್ ಸಿಂಕ್ ಪೇಸ್ಟ್ ಸಾಕು. ಆದರೆ ಪಕ್ಕದಲ್ಲೇ ಕೂತಿರುವ 2ಎಸ್‌ಸಿ 2078 ತರಹದ ಫೈನಲ್ ಟ್ರಾನ್ಸಿಸ್ಟರಿನ ಬೆನ್ನು ಕಲೆಕ್ಟರಿಗೆ, ಅಂದರೆ ಪ್ಲಸ್ ವೋಲ್ಟ್ ಬರುವ ಕಾಲಿಗೆ, ಸೇರಿದೆ. ಅದಕ್ಕೆ ಮೈಕಾ, ಜೊತೆಗೆ ಸ್ಕ್ರೂ ಒಳಗಿನ ಪ್ಲಾಸ್ಟಿಕ್ ವಾಷರ್, ಎರಡೂ ಬೇಕು. ಒಂದರ ಮೈಕಾ ತೆಗೆದು ಇನ್ನೊಂದಕ್ಕೆ ಹಾಕಿದರೆ ಏನಾಗುತ್ತದೆ ಅಂತ ಫ್ಯೂಸ್ ಹೇಳುತ್ತದೆ.

ಆನ್ ಮಾಡಿದ ತಕ್ಷಣ ಫ್ಯೂಸ್ ಹೋಗುತ್ತೆ. ವೈರ್ ಸುತ್ತಿ ನೋಡಲಾ?

ಬೇಡ. ಸಪ್ಲೈ ಒಳಗೆ ಬರುವ ಜಾಗದಲ್ಲಿ ಒಂದು ಡಯೋಡ್ ಇರುತ್ತದೆ. ಪ್ಲಸ್ ಮೈನಸ್ ಉಲ್ಟಾ ಆದರೆ ಅದು ತಾನು ಶಾರ್ಟ್ ಆಗಿ ಫ್ಯೂಸ್ ಹಾರಿಸಿ ಸೆಟ್ ಉಳಿಸುತ್ತದೆ. ಆ ಡಯೋಡ್ ಸುಟ್ಟು ಶಾರ್ಟ್ ಆಗಿಯೇ ಉಳಿದಿರುವ ಸಾಧ್ಯತೆ ಜಾಸ್ತಿ. ಕೆಲವರು ಅದನ್ನು ಕಿತ್ತು ಬಿಸಾಕಿ ಸೆಟ್ ಸರಿಹೋಯಿತು ಅಂತ ಖುಷಿಪಡುತ್ತಾರೆ. ಮುಂದಿನ ಸಲ ಉಲ್ಟಾ ಆದಾಗ ಆಡಿಯೋ ಐಸಿ, ಫೈನಲ್ ಎಲ್ಲಾ ಒಟ್ಟಿಗೆ ಹೋಗುತ್ತವೆ. ಹೊಸ ಡಯೋಡ್ ಹಾಕಿ.

ಅಲ್ಲಿಯವರೆಗೆ ಪರೀಕ್ಷೆಗೆ, ಪ್ಲಸ್ ವೈರಿನಲ್ಲಿ ಸರಣಿಯಾಗಿ ಕಾರಿನ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಹಾಕಿ ಆನ್ ಮಾಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಉರಿಯುತ್ತದೆ, ಸೆಟ್ಟಿಗೆ ಏನೂ ಆಗುವುದಿಲ್ಲ. ಮಂದವಾಗಿ ಉರಿದರೆ ಅಥವಾ ಉರಿಯದಿದ್ದರೆ ಗಾಬರಿ ಇಲ್ಲ. ಬಲ್ಬ್ ಇರುವಾಗ ಟ್ರಾನ್ಸ್‌ಮಿಟ್ ಒತ್ತಬೇಡಿ, ಕರೆಂಟ್ ಸಾಲುವುದಿಲ್ಲ.

ಸೌಂಡ್ ಬರುತ್ತೆ, ಆದರೆ ತಗಡು ಬಡಿದ ಹಾಗೆ, ತೆಳ್ಳಗೆ. ಒಮ್ಮೊಮ್ಮೆ ಒಡೆಯುತ್ತೆ.

ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಐಸಿಯಿಂದ ಸ್ಪೀಕರಿಗೆ ಹೋಗುವ ದಾರಿಯಲ್ಲಿ ದೊಡ್ಡ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಇರುತ್ತದೆ, ಸಾಮಾನ್ಯವಾಗಿ 470 ಅಥವಾ 1000 ಮೈಕ್ರೋಫ್ಯಾರಡ್. ಇದು ಒಣಗಿದರೆ ದಪ್ಪ ದನಿ ಹೋಗಿ ಕೀರಲು ಮಾತ್ರ ಉಳಿಯುತ್ತದೆ. ಹತ್ತು ಇಪ್ಪತ್ತು ವರ್ಷ ಲಾರಿ ಡ್ಯಾಶ್‌ಬೋರ್ಡಿನಲ್ಲಿ ಬೆಂದ ಸೆಟ್ಟಿನಲ್ಲಿ ಒಣಗದಿದ್ದರೇ ಆಶ್ಚರ್ಯ. ಹೊಸದನ್ನು ಅದೇ ಜಾಗಕ್ಕೆ ಸಮಾನಾಂತರವಾಗಿ ಒಂದು ಕ್ಷಣ ಹಿಡಿದು ನೋಡಿ, ಸೌಂಡ್ ತುಂಬಿಕೊಂಡರೆ ಬದಲಿಸಿ. ಮೈನಸ್ ಪಟ್ಟಿ ಯಾವ ಕಡೆ ಇತ್ತು ಅಂತ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ವೋಲ್ಟೇಜ್ 25 ಇರುವುದನ್ನೇ ತನ್ನಿ. 10 ವೋಲ್ಟಿನದು ಅಗ್ಗ ಅಂತ ಹಾಕಿದರೆ ಹೊಟ್ಟೆ ಉಬ್ಬಬಹುದು.

ನೀವು ಈಗಾಗಲೇ ಕಂಡೆನ್ಸರ್‌ಗಳನ್ನೆಲ್ಲಾ ಬದಲಿಸಿದ ಮೇಲೆ ಹೀಗಾಗಿದ್ದರೆ, ಉಲ್ಟಾ ಕೂತಿದ್ದು ಯಾವುದು ಅಂತ ಒಂದೊಂದಾಗಿ ನೋಡಿ. ಒಂದೇ ಸಲಕ್ಕೆ ಇಡೀ ಬೋರ್ಡಿನ ಕಂಡೆನ್ಸರ್ ಬದಲಿಸುವ ಚಟ ಒಳ್ಳೆಯದಲ್ಲ ಅಂತ ನನ್ನ ಅಭಿಪ್ರಾಯ. ಎರಡು ಬದಲಿಸಿ, ಆನ್ ಮಾಡಿ, ಕೇಳಿ, ಮುಂದಕ್ಕೆ ಹೋಗಿ. ಆಗ ತಪ್ಪು ಎಲ್ಲಿ ಹೊಕ್ಕಿತು ಅಂತ ಗೊತ್ತಿರುತ್ತದೆ.

ಹೊರಗಿನ ಸ್ಪೀಕರಿನಲ್ಲಿ ಸೌಂಡ್ ಚೆನ್ನಾಗಿದ್ದು ಒಳಗಿನದರಲ್ಲಿ ಮಾತ್ರ ಕರಕರ ಅಂದರೆ ಸ್ಪೀಕರೇ ಕಾರಣ. ಬಿಚ್ಚಿದಾಗ ಮೇಜಿನ ಮೇಲಿನ ಕಬ್ಬಿಣದ ಪುಡಿ, ಸಾಲ್ಡರ್ ಚೂರು ಅದರೊಳಗೆ ಹೋಗಿರುತ್ತದೆ. ಕಬ್ಬಿಣದ ಪುಡಿಯನ್ನು ಮ್ಯಾಗ್ನೆಟ್ ಹಿಡಿದು ಬಿಡುವುದೇ ಇಲ್ಲ. ಪೇಪರನ್ನು ಎರಡು ಬೆರಳಿನಿಂದ ಸಮವಾಗಿ ಒತ್ತಿ ನೋಡಿ, ಉಜ್ಜಿದ ಹಾಗೆ ಅನಿಸಿದರೆ ಹೊಸದು ಹಾಕುವುದೇ ವಾಸಿ. 8 ಓಮಿನ ಸ್ಪೀಕರ್ ಮೀಟರಿನಲ್ಲಿ 7ರ ಹತ್ತಿರ ತೋರಿಸುವುದು ಸರಿಯೇ, ಅದನ್ನು ನೋಡಿ ಹೆದರಬೇಡಿ.

ವಾಲ್ಯೂಮ್ ತಿರುಗಿಸಿದರೆ ಬರಬರ ಸದ್ದು.

ಕಂಟ್ರೋಲಿನೊಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸ್ವಲ್ಪ ಹೊಡೆದು ಇಪ್ಪತ್ತು ಸಲ ತಿರುಗಿಸಿ. ಕೊಬ್ಬರಿ ಎಣ್ಣೆ, ಮಷೀನ್ ಎಣ್ಣೆ ಹಾಕಬೇಡಿ, ಇನ್ನಷ್ಟು ಧೂಳು ಕರೆಯುತ್ತದೆ.

ಸದಾ ಗುಂಯ್ ಅನ್ನುತ್ತೆ. ರಿಪೇರಿಗೆ ಮುಂಚೆ ಇಷ್ಟಿರಲಿಲ್ಲ.

ಮೊದಲು ಸೆಟ್ಟನ್ನು ಬರೀ ಬ್ಯಾಟರಿಗೆ ಹಾಕಿ ಕೇಳಿ. ಯುಪಿಎಸ್ ಬ್ಯಾಟರಿಯಾದರೂ ಆದೀತು, ಯುಪಿಎಸ್ ವೈರ್ ಬಿಚ್ಚಿರಬೇಕು. ಬ್ಯಾಟರಿಯಲ್ಲಿ ಗುಂಯ್ ಹೋದರೆ ಸೆಟ್ ಶುದ್ಧ, ಅಡಾಪ್ಟರಿನದೇ ತಪ್ಪು. ಟ್ರಾನ್ಸ್‌ಫಾರ್ಮರ್ ಸಪ್ಲೈಯಲ್ಲಿ ಫಿಲ್ಟರ್ ಕಂಡೆನ್ಸರ್ ಸೋತರೆ 100 ಹರ್ಟ್ಜ್ ಗುಂಯ್ ಬರುತ್ತದೆ, ಏಕೆಂದರೆ ನಮ್ಮ ಕರೆಂಟ್ 50 ಹರ್ಟ್ಜ್, ಸಪ್ಲೈಯ ಡಯೋಡುಗಳು ಅದನ್ನು ಎರಡು ಪಟ್ಟು ಮಾಡುತ್ತವೆ. ಎಲ್‌ಇಡಿ ಪಟ್ಟಿಗೆ ಕೊಡುವ ಅಗ್ಗದ ಸಪ್ಲೈ ಹಾಕಿದ್ದರೆ ಗುಂಯ್ ಬದಲು ಜರ್ರ್ ಅನ್ನುವ ಹಿಸ್ ಬ್ಯಾಂಡ್ ತುಂಬಾ ಹರಡಿರುತ್ತದೆ, ಅದು ಆಂಟೆನಾದಿಂದಲೇ ಒಳಗೆ ಬರುತ್ತದೆ.

ಬ್ಯಾಟರಿಯಲ್ಲೂ ಗುಂಯ್ ಉಳಿದರೆ ಆಂಟೆನಾ ಕಿತ್ತು ನೋಡಿ. ಆಗ ನಿಂತರೆ ಸದ್ದು ಹೊರಗಿನದು. ಮನೆಯ ಎಲ್‌ಇಡಿ ಬಲ್ಬ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ತೋಟದ ಮನೆಯಾದರೆ ಬೋರ್‌ವೆಲ್ ಮೋಟರಿನ ಸ್ಟಾರ್ಟರ್, ಎಲ್ಲವೂ ಎಎಂ ಸೆಟ್ಟಿಗೆ ಕಾಟ ಕೊಡುತ್ತವೆ. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಕೇಳಿ ನೋಡಿ, ಎಷ್ಟು ನಿಶ್ಶಬ್ದ ಅಂತ ಗೊತ್ತಾಗುತ್ತದೆ. ಲೋಡ್ ಶೆಡ್ಡಿಂಗ್‌ನಿಂದ ಆಗುವ ಒಂದೇ ಉಪಕಾರ ಇದು.

ಆಂಟೆನಾ ಕಿತ್ತರೂ ನಿಲ್ಲದಿದ್ದರೆ ಕೊನೆಗೆ ನಿಮ್ಮ ಕೈಕೆಲಸಕ್ಕೇ ಬರಬೇಕು. ವಾಲ್ಯೂಮ್ ಕಂಟ್ರೋಲಿಗೆ ಹೋಗುವ ಶೀಲ್ಡ್ ವೈರಿನ ಜಾಲರಿಯನ್ನು ಮತ್ತೆ ಅರ್ಥಿಗೆ ಸಾಲ್ಡರ್ ಮಾಡಿದ್ದೀರಾ? ಬೋರ್ಡನ್ನು ಚಾಸಿಗೆ ಹಿಡಿಯುವ ಸ್ಕ್ರೂ ಎಲ್ಲಾ ಹಾಕಿದ್ದೀರಾ? ಎಷ್ಟೋ ಸೆಟ್ಟಿನಲ್ಲಿ ಆ ಸ್ಕ್ರೂವೇ ಅರ್ಥ್ ಕನೆಕ್ಷನ್. ಮುಚ್ಚಿದ ಮೇಲೆ ಮೇಜಿನ ಮೇಲೆ ಉಳಿದ ಒಂದು ಸ್ಕ್ರೂ ಸುಮ್ನೆ ಉಳಿದದ್ದಲ್ಲ.

ಲಾರಿಯಲ್ಲಿ ಹಾಕಿದ್ದೇನೆ. ಆಕ್ಸಲರೇಟರ್ ಒತ್ತಿದರೆ ಕುಂಯ್ ಅನ್ನೋದು ಏರುತ್ತೆ.

ಎಂಜಿನ್ ಜೊತೆ ಏರಿ ಇಳಿಯುವ ಕೀರಲು ಅಂದರೆ ಆಲ್ಟರ್ನೇಟರಿನದು. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕರೆಂಟ್ ತೆಗೆದುಕೊಂಡಿದ್ದರೆ ಬಿಟ್ಟು, ಪ್ಲಸ್ ಮೈನಸ್ ಎರಡನ್ನೂ ಸೀದಾ ಬ್ಯಾಟರಿಯಿಂದ ತನ್ನಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ. ಅರ್ಧ ಸದ್ದು ಅಲ್ಲೇ ಹೋಗುತ್ತದೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಹಿರಿಯೂರಿನಿಂದ ಹರಿಹರದವರೆಗೆ 48ನೇ ಹೆದ್ದಾರಿಯಲ್ಲಿ ಓಡುವ ದೊಡ್ಡ ಲಾರಿಗಳಲ್ಲಿ ಹೆಚ್ಚಿನವು 24 ವೋಲ್ಟಿನವು, ಎರಡು ಬ್ಯಾಟರಿ ಸರಣಿಯಲ್ಲಿ ಇರುತ್ತವೆ. ಸಿಬಿ ಸೆಟ್ 12 ವೋಲ್ಟಿನದು. ಟಿಡಿಎ 2003 ಕೆಲಸ ಮಾಡುವ ಮಿತಿಯೇ 18 ವೋಲ್ಟ್. ನೇರವಾಗಿ ಹಾಕಿದರೆ ಸೌಂಡ್ ತೊಂದರೆ ಅಲ್ಲ, ಹೊಗೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆಯುವ ಪದ್ಧತಿ ಇದೆ, ಅದು ಎರಡು ಬ್ಯಾಟರಿಯ ಸಮತೋಲ ಕೆಡಿಸುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಕನ್ವರ್ಟರ್ ಅಗ್ಗದ್ದಾದರೆ ಅದೇ ಜರ್ರ್ ಅನ್ನುತ್ತದೆ, ಸೆಟ್ಟಿನಿಂದ ಆದಷ್ಟು ದೂರ ಕೂರಿಸಿ.

ನಾನು ಕೇಳೋದು ಚೆನ್ನಾಗಿದೆ. ಆ ಕಡೆಯವರು ನನ್ನ ದನಿ ಬಾವಿಯೊಳಗಿಂದ ಬರುತ್ತೆ ಅಂತಾರೆ.

ಮೈಕ್ ಬದಲಿಸಿದ್ದೀರಾ? ಹಳೇ ಸೆಟ್ಟಿನ ಮೈಕ್ ಡೈನಾಮಿಕ್, ಸುಮಾರು 500, 600 ಓಮಿನದು. ಮೊಬೈಲ್ ಹೆಡ್‌ಸೆಟ್ಟಿನಲ್ಲಿ ಬರುವ ಸಣ್ಣ ಗುಂಡಿಯಂಥ ಮೈಕ್ ಎಲೆಕ್ಟ್ರೆಟ್. ಎಲೆಕ್ಟ್ರೆಟ್ಟಿಗೆ ಒಂದೆರಡು ವೋಲ್ಟ್ ಕರೆಂಟ್ ಬೇಕು, ಇಲ್ಲದಿದ್ದರೆ ದನಿ ಬರುವುದಿಲ್ಲ. ಡೈನಾಮಿಕ್ ಮೈಕಿನ ಜಾಗಕ್ಕೆ ಇದನ್ನು ಬರೀ ಎರಡು ವೈರಿನಲ್ಲಿ ಸಾಲ್ಡರ್ ಮಾಡಿದರೆ ಕೆಲಸ ಆಗದು.

ಮೈಕ್ ಹಳೆಯದೇ ಆದರೆ ಮುಂದಿನ ಜಾಲರಿ ತೆಗೆದು ನೋಡಿ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲೇ ಮೈಕ್ ಹಿಡಿಯುವ ಊರು ನಮ್ಮದು. ಎಣ್ಣೆ, ಧೂಳು, ಬಾಯಿಯ ಹಬೆ ಸೇರಿ ತೂತು ಮುಚ್ಚಿ ಪದರ ಕಟ್ಟಿರುತ್ತದೆ. ಒಣ ಬ್ರಷ್ಷಿನಿಂದ ತೆಗೆಯಿರಿ, ಒಳಗಿನ ತೆಳು ಪೊರೆಗೆ ಬ್ರಷ್ ತಾಗದಿರಲಿ.

ಇದ್ಯಾವುದೂ ಅಲ್ಲದಿದ್ದರೆ ಬೋರ್ಡಿನ ಮೇಲಿನ ಮಾಡ್ಯುಲೇಷನ್ ಪ್ರೀಸೆಟ್ ಯಾರಾದರೂ ತಿರುಗಿಸಿದ್ದಾರಾ ಕೇಳಿ. ದನಿ ಜೋರಾಗಲಿ ಅಂತ, ಅದು ಮಿತಿ ಮೀರದಂತೆ ತಡೆಯುವ ಲಿಮಿಟರನ್ನೇ ಕತ್ತರಿಸುವ ಸಲಹೆ ಕೊಡುವವರೂ ಇದ್ದಾರೆ, ಕೇಳಬೇಡಿ. 100 ಶೇಕಡಾ ಮಾಡ್ಯುಲೇಷನ್ ದಾಟಿದರೆ ದನಿ ಜೋರಾಗುವುದಿಲ್ಲ, ಒಡೆಯುತ್ತದೆ, ಪಕ್ಕದ ಚಾನೆಲ್ಲಿಗೂ ಚೆಲ್ಲುತ್ತದೆ.

ಪರೀಕ್ಷೆಗೆ ಕೂರಿಸಿಕೊಂಡ ಸ್ನೇಹಿತ ಪಕ್ಕದ ಕೋಣೆಯಲ್ಲಿ ಇರಬಾರದು. ಅಷ್ಟು ಹತ್ತಿರದಲ್ಲಿ ಅವನ ಸೆಟ್ ಸಿಗ್ನಲಿಗೆ ಉಸಿರುಕಟ್ಟಿ, ಚೆನ್ನಾಗಿರುವ ದನಿಯೂ ಒಡೆದು ಕೇಳುತ್ತದೆ. ಒಂದೆರಡು ಕಿಲೋಮೀಟರ್ ದೂರ ಇರಲಿ. ಚಿತ್ರದುರ್ಗದವರಾದರೆ ನಡುವೆ ಗುಡ್ಡ, ಬಂಡೆ ಇಲ್ಲದ ಕಡೆ ನಿಲ್ಲಿಸಿ.

ಬಟನ್ ಒತ್ತಿದರೆ ಕೂಗು ಹಾಕುತ್ತೆ, ಕೀ ಅಂತ.

ಎರಡು ಬಗೆ. ಸ್ಪೀಕರಿನಿಂದಲೇ ಕೂಗು ಬಂದರೆ, ಒತ್ತಿದಾಗಲೂ ಸ್ಪೀಕರ್ ಕಡಿಯುತ್ತಿಲ್ಲ ಅಂತ. ಮೈಕ್ ಪ್ಲಗ್ಗಿನ 4ನೇ ಪಿನ್ ಮತ್ತು ಸ್ವಿಚ್ ನೋಡಿ, ಮೇಲೆ ಹೇಳಿದ ಬೀಪ್ ಪರೀಕ್ಷೆ ಸಾಕು.

ನಿಮಗೆ ಕೇಳದೆ ಆ ಕಡೆಯವರಿಗೆ ಮಾತ್ರ ಕೂಗು ಕೇಳಿದರೆ, ನಿಮ್ಮದೇ ಪ್ರಸಾರ ಮೈಕ್ ವೈರಿನ ಮೂಲಕ ವಾಪಸ್ ಒಳಗೆ ನುಗ್ಗುತ್ತಿದೆ. ಮೈಕ್ ವೈರಿನ ಜಾಲರಿ ಬಿಟ್ಟುಹೋಗಿರಬಹುದು. ಇಲ್ಲಾ ಆಂಟೆನಾ ಸರಿ ಕೂಡದೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ಏರಿರಬಹುದು. ಆಂಟೆನಾ ಬದಲು 50 ಓಮಿನ ಡಮ್ಮಿ ಲೋಡ್ ಹಾಕಿದಾಗ ಕೂಗು ನಿಂತರೆ ಆಂಟೆನಾ ಕಡೆ ಹೋಗಿ. ಮನೆಯಲ್ಲೇ ಮಾಡಬೇಕಾದರೆ 220 ಓಮ್ 2 ವ್ಯಾಟಿನ ಕಾರ್ಬನ್ ರೆಸಿಸ್ಟರ್ ನಾಲ್ಕನ್ನು ಸಮಾನಾಂತರವಾಗಿ ಕೂಡಿಸಿ, 55 ಓಮ್ ಆಗುತ್ತದೆ, 4 ವ್ಯಾಟಿನ ಸೆಟ್ಟಿಗೆ ಧಾರಾಳ. ವೈರ್ ಸುತ್ತಿದ ಸೆರಾಮಿಕ್ ರೆಸಿಸ್ಟರ್ ಬೇಡ, 27 ಮೆಗಾಹರ್ಟ್ಜಿಗೆ ಅದು ಕಾಯಿಲ್ ಆಗಿಬಿಡುತ್ತದೆ. ಆಂಟೆನಾವೂ ಇಲ್ಲದೆ, ಲೋಡೂ ಇಲ್ಲದೆ ಬಟನ್ ಒತ್ತಬೇಡಿ, ಫೈನಲ್ ಟ್ರಾನ್ಸಿಸ್ಟರ್ ಹೋದೀತು.

ಬಣ್ಣ ಬಣ್ಣದ ಕಾಯಿಲ್‌ಗಳು ಲೂಸ್ ಆಗಿವೆ ಅನಿಸಿ ಬಿಗಿ ಮಾಡಿದೆ. ಆಮೇಲೆ ಸೌಂಡ್ ಕಡಿಮೆ.

ಅವು ಸ್ಕ್ರೂ ಅಲ್ಲ, ಟ್ಯೂನಿಂಗ್. ಲೂಸ್ ಆಗಿರುವುದೇ ಅವುಗಳ ಕೆಲಸ. ಯಾವುದನ್ನು ಎಷ್ಟು ತಿರುಗಿಸಿದ್ದೀರಿ ಅಂತ ನೆನಪಿದ್ದರೆ ಅಷ್ಟೇ ವಾಪಸ್ ತಿರುಗಿಸಿ, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ. ಕಬ್ಬಿಣದ್ದು ಹಾಕಿದರೆ ಒಳಗಿನ ಫೆರೈಟ್ ಸೀಳುತ್ತದೆ. ನೆನಪಿಲ್ಲದಿದ್ದರೆ ಸಿಗ್ನಲ್ ಜನರೇಟರ್ ಇರುವವರ ಹತ್ತಿರ ಕೊಡಬೇಕು, ಬೇರೆ ದಾರಿ ಇಲ್ಲ.

ಎಸ್‌ಎಸ್‌ಬಿ ಇರೋ ಸೆಟ್. ಎಲ್ಲರೂ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತೆ.

ಎಎಂ ಸಿಗ್ನಲಿನ ಒಂದೇ ಪಕ್ಕವನ್ನು ಕಳಿಸುವ ವಿಧಾನ ಎಸ್‌ಎಸ್‌ಬಿ; ಮೇಲಿನ ಪಕ್ಕ ಯುಎಸ್‌ಬಿ, ಕೆಳಗಿನದು ಎಲ್‌ಎಸ್‌ಬಿ. ಸಣ್ಣಗೆ ಟ್ಯೂನ್ ಮಾಡುವ ಕ್ಲಾರಿಫೈಯರ್ ಗುಂಡಿ ನಿಧಾನಕ್ಕೆ ತಿರುಗಿಸಿ, ಮನುಷ್ಯರ ದನಿ ಆಗುತ್ತದೆ. ಆಗದಿದ್ದರೆ ಯುಎಸ್‌ಬಿ, ಎಲ್‌ಎಸ್‌ಬಿ ಅದಲುಬದಲು ಮಾಡಿ. ಎಎಂ ಮಾತನ್ನು ಎಸ್‌ಎಸ್‌ಬಿಯಲ್ಲಿ ಕೇಳಿದರೂ ಹೀಗೇ.

ಮಧ್ಯಾಹ್ನ ಗೊತ್ತಿಲ್ಲದ ಭಾಷೆಯ ದನಿಗಳು ಬರುತ್ತೆ. ರಿಪೇರಿಯಲ್ಲಿ ಏನಾದರೂ ಎಡವಟ್ಟಾಯ್ತಾ?

ಇಲ್ಲ, ಸೆಟ್ ಚೆನ್ನಾಗಿ ಕೇಳುತ್ತಿದೆ ಅಂತ ಖುಷಿಪಡಿ. 27 ಮೆಗಾಹರ್ಟ್ಜಿನ ಅಲೆ ಹಗಲಿನಲ್ಲಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಜಾಸ್ತಿಯಾಗುತ್ತವೆ, ಆ ಹೊತ್ತಿನಲ್ಲಿ ಇದು ದಿನವೂ ಆಗಬಹುದು. ಸಂಜೆ ಕತ್ತಲಾದ ಮೇಲೆ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ಟೆಸ್ಟ್ ಮಾಡೋಕೆ ಯಾವ ಚಾನೆಲ್ ಬೇಕಾದರೂ ಒತ್ತಬಹುದಾ?

ಇಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಿಟ್ಟಿರುವುದು 26.957ರಿಂದ 27.283 ಮೆಗಾಹರ್ಟ್ಜ್, ಶಕ್ತಿ 5 ವ್ಯಾಟಿನೊಳಗೆ. ಅಮೆರಿಕದ 40 ಚಾನೆಲ್ ಸೆಟ್ಟು 26.965ರಿಂದ 27.405ರವರೆಗೆ ಹೋಗುತ್ತದೆ. ಲೆಕ್ಕ ಹಾಕಿದರೆ 27ನೇ ಚಾನೆಲ್ 27.275, ಒಳಗಿದೆ. 28ನೇ ಚಾನೆಲ್ 27.285, ಹೊರಗೆ ಬಿತ್ತು. ಅಂದರೆ 28ರಿಂದ 40ರವರೆಗೆ ಕೇಳಿ, ಬಟನ್ ಒತ್ತಬೇಡಿ. ಸೆಟ್ಟಿನಲ್ಲಿ ನಂಬರ್ ಇದೆ ಅನ್ನುವುದು ಅನುಮತಿ ಅಲ್ಲ. ರಿಪೇರಿ ಆದ ಮೇಲಿನ ಮೊದಲ ಪರೀಕ್ಷೆಗೆ ಹೇಗೂ ಡಮ್ಮಿ ಲೋಡ್ ಸಾಕು.

ನನ್ನಿಂದ ಆಗಲಿಲ್ಲ. ಅಂಗಡಿಗೆ ಕೊಡುವಾಗ ಏನು ಹೇಳಬೇಕು?

"ಸೌಂಡ್ ಬರಲ್ಲ, ನೋಡಿ ಸಾರ್" ಅಂದರೆ ಅವರೂ ಮೊದಲಿನಿಂದ ಶುರು ಮಾಡಬೇಕು, ಬಿಲ್ಲೂ ಅಲ್ಲಿಂದಲೇ ಶುರುವಾಗುತ್ತದೆ. ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವವರಿಗೆ ಸಿಬಿ ಸೆಟ್ ಹೊಸದಾದರೂ ಆಡಿಯೋ ಭಾಗ ಅವರಿಗೆ ನೀರು ಕುಡಿದಷ್ಟು ಸುಲಭ. ಪಿಎಯಲ್ಲಿ ದನಿ ಬರುತ್ತದೋ ಇಲ್ಲವೋ, ಎಸ್ ಮೀಟರ್ ಏಳುತ್ತದೋ ಇಲ್ಲವೋ, ಐಸಿಯ 4 ಮತ್ತು 5ನೇ ಕಾಲಿನಲ್ಲಿ ಎಷ್ಟು ವೋಲ್ಟ್ ಸಿಕ್ಕಿತು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಿ. ಮೈಕ್ ಇಲ್ಲದೆ ಸೆಟ್ ಮಾತಾಡುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ, ಮೈಕ್ ಜೊತೆಗೇ ಕೊಡಿ. ನೀವು ಏನೇನು ಬದಲಿಸಿದ್ದೀರಿ ಅಂತ ಮುಚ್ಚಿಡಬೇಡಿ. ತೆಗೆದ ಹಳೇ ಪಾರ್ಟುಗಳನ್ನು ಒಂದು ಕವರಿನಲ್ಲಿ ಹಾಕಿ ಸೆಟ್ಟಿನ ಮೇಲೆ ಟೇಪ್ ಅಂಟಿಸಿ, ಯಾವ ಜಾಗದ್ದು ಯಾವುದು ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು.